ಬಾಲಬೋಧೆ

ನಮ್ಮ ಅಜ್ಜಂದಿರ ಕಾಲದಲ್ಲಿ ಮಕ್ಕಳ ಮೊದಲ ಓದಿನ ಪುಸ್ತಕಕ್ಕೆ ಬಾಲಬೋಧೆ ಎನ್ನುತ್ತಿದ್ದರು. ಆ ಚಂದದ ಹೆಸರನ್ನು ಕೊಂಚ ಪಕ್ಕಕ್ಕೆ ಎಳೆದು ಇಲ್ಲಿ ಬಳಸಿಕೊಳ್ಳುತ್ತಿದ್ದೇನೆ. ನಾನು ಹೇಳಹೊರಟ ಬಾಲ ನಿಜವಾಗಿಯೂ ಬಾಲವೇ. ಪದಗಳ ಬೆನ್ನಿಗೆ ಅಂಟಿಕೊಂಡು ಅತ್ತಿತ್ತ ಆಡುವ ಬಾಲ. ವ್ಯಾಕರಣದವರು ಮರ್ಯಾದೆ ಕೊಟ್ಟು ವಿಭಕ್ತಿ ಪ್ರತ್ಯಯ ಎಂದು ಕರೆಯುವ ಬಾಲ. ಅದರಲ್ಲೂ ಲ್ಯಾಟಿನ್ ನಾಮಪದಗಳ ಬಾಲ. ರಜೆಯ ಮಧ್ಯಾಹ್ನ, ಊಟವಾದ ಮೇಲೆ, ನಿದ್ದೆ ಬರಲೋ ಬೇಡವೋ ಎಂದು ಹೊಸ್ತಿಲಲ್ಲಿ ನಿಂತಿರುವ ಹೊತ್ತಿಗೆ ನಾನು ಲ್ಯಾಟಿನ್ ವ್ಯಾಕರಣವನ್ನು ಎಲ್ಲೆಂದರಲ್ಲಿ ತೆರೆದು ಗಟ್ಟಿಯಾಗಿ ಓದಿಕೊಳ್ಳುತ್ತೇನೆ. ರೊಸ, ರೊಸಮ್, ರೊಸೈ, ರೊಸಾ. ಗುಲಾಬಿ, ಗುಲಾಬಿಯನ್ನು, ಗುಲಾಬಿಯ, ಗುಲಾಬಿಯಿಂದ. ಬಹುವಚನದ ಷಷ್ಠಿಗೆ ಬಂದಾಗ ರೊಸಾರುಮ್, ಗುಲಾಬಿಗಳ. ಆ 'ಆರುಮ್' ಎಂಬುದನ್ನು ಒಮ್ಮೆ ಬಾಯಿತುಂಬ ಹೇಳಿ ನೋಡಿ. ತುಟಿ ಮುಚ್ಚಿದ ಮೇಲೂ ದನಿ ಒಳಗೆ ಸ್ವಲ್ಪ ಹೊತ್ತು ತಿರುಗುತ್ತಿರುತ್ತದೆ. ಇದರಿಂದ ಆಗಬೇಕಾದ ಕೆಲಸ ಒಂದೂ ಇಲ್ಲ. ಆದ್ದರಿಂದಲೇ ಅವಸರವೂ ಇಲ್ಲ. ಬನ್ನಿ, ಕೂತುಕೊಳ್ಳಿ.

ವಿಭಕ್ತಿ ಎಂದರೆ ಕನ್ನಡಿಗರು ಬೆಚ್ಚಬೇಕಾಗಿಲ್ಲ. ಪ್ರಥಮಾ ಉ, ದ್ವಿತೀಯಾ ಅನ್ನು, ತೃತೀಯಾ ಇಂದ ಎಂದು ಬೆಂಚಿನ ಮೇಲೆ ನಿಂತು ರಾಗವಾಗಿ ಹೇಳಿದವರು ನಾವು. ಲ್ಯಾಟಿನ್ನಿಗೆ ಆರು ವಿಭಕ್ತಿಗಳು, ಅರ್ಧ ಸತ್ತು ಅರ್ಧ ಬದುಕಿರುವ ಏಳನೆಯದೊಂದು, ಮೂರು ಲಿಂಗ, ಎರಡು ವಚನ. ಇವೆಲ್ಲ ಬಗೆಬಗೆಯಾಗಿ ಬೆರೆತ ಐದು ನಾಮವಂಶಗಳು. ಆದರೆ ನಮ್ಮ ಬಾಲಕ್ಕೂ ಅವರ ಬಾಲಕ್ಕೂ ಕಟ್ಟಣೆಯಲ್ಲೇ ವ್ಯತ್ಯಾಸವಿದೆ. 'ಮರಗಳಿಂದ' ಎಂದಾಗ ಮರ ಒಂದು, ಗಳು ಒಂದು, ಇಂದ ಒಂದು. ಗೆಣ್ಣು ಗೆಣ್ಣಾಗಿ ಎಣಿಸಬಹುದು. ಲ್ಯಾಟಿನ್ನಿನ 'ರೊಸೀಸ್' ಎಂಬಲ್ಲಿ ಆ ಪುಟ್ಟ 'ಈಸ್' ಒಂದೇ ಉಸಿರಿನಲ್ಲಿ ಹಲವು ಗುಲಾಬಿಗಳಿವೆ ಎಂದೂ ಅವಕ್ಕೆ ಏನೋ ಸಲ್ಲುತ್ತಿದೆ ಎಂದೂ, ಇಲ್ಲವೇ ಅವುಗಳಿಂದ ಏನೋ ಆಗುತ್ತಿದೆ ಎಂದೂ ಹೇಳಿಬಿಡುತ್ತದೆ. ಬಹುತ್ವ ಎಲ್ಲಿ ಮುಗಿಯಿತು, ವಿಭಕ್ತಿ ಎಲ್ಲಿ ಮೊದಲಾಯಿತು ಎಂದು ಉಗುರು ತೂರಿಸಿ ಬಿಡಿಸಲು ಸಂದೇ ಸಿಗದು.

ಈ ಬಾಲಗಳನ್ನು ನಾನು ಓದುವುದು ರೋಮನ್ ಲಿಪಿಯಲ್ಲಿ. ಬರೆದುಕೊಳ್ಳುವುದು ಮಾತ್ರ ಕನ್ನಡ ಲಿಪಿಯಲ್ಲಿ, ಅದಕ್ಕೆ ಕಾರಣವಿದೆ. ಗುಲಾಬಿಯ ಪ್ರಥಮಾ 'ರೊಸ', ಅದರ ಕೊನೆಯ ಅ ಹ್ರಸ್ವ. 'ಗುಲಾಬಿಯಿಂದ' ಎಂಬ ಅರ್ಥದ ಅಬ್ಲೇಟಿವ್ 'ರೊಸಾ', ಕೊನೆಯ ಆ ದೀರ್ಘ. ರೋಮನ್ನರ ಬರವಣಿಗೆಯಲ್ಲಿ ಎರಡಕ್ಕೂ ಅದೇ ನಾಲ್ಕು ಅಕ್ಷರ. ಕಿವಿಗೆ ಸ್ಪಷ್ಟವಾಗಿ ಬೇರೆಯಾದದ್ದು ಕಣ್ಣಿಗೆ ಒಂದೇ. ಕಲ್ಲಿನ ಶಾಸನಗಳಲ್ಲಿ ಕೆಲವೊಮ್ಮೆ ದೀರ್ಘ ಸ್ವರದ ತಲೆಯ ಮೇಲೆ ಓರೆಗೀಟೊಂದನ್ನು ಕೆತ್ತುತ್ತಿದ್ದರು. 1ನೇ ಶತಮಾನದ ಭಾಷಣಕಲೆಯ ಗುರು ಕ್ವಿಂಟಿಲಿಯನ್ ಈ ಗೀಟಿನ ಬಗ್ಗೆ ತೀರ್ಪು ಕೊಟ್ಟಿದ್ದಾನೆ: ಎಲ್ಲ ದೀರ್ಘಗಳಿಗೂ ಹಾಕುವುದು ಅತಿಯಾಯಿತು, ಅರ್ಥ ಬದಲಾಗುವ ಕಡೆ ಹಾಕಲೇಬೇಕು. ಅವನು ಎತ್ತಿ ಹೇಳುವ ಸಂದರ್ಭಗಳಲ್ಲಿ ಒಂದು ಇದೇ, ಪ್ರಥಮೆಯಲ್ಲಿ ಹ್ರಸ್ವವಾಗಿದ್ದ ಅಕ್ಷರ ಅಬ್ಲೇಟಿವ್‌ನಲ್ಲಿ ದೀರ್ಘವಾಗುವುದು.

ನಮ್ಮ ಲಿಪಿಗೆ ಆ ತೊಂದರೆಯೇ ಇಲ್ಲ. ಅ ಬೇರೆ, ಆ ಬೇರೆ. ಅಷ್ಟೇ ಅಲ್ಲ, ಎ ಮತ್ತು ಏ, ಒ ಮತ್ತು ಓ ಕೂಡ ಬೇರೆಬೇರೆ; ಸಂಸ್ಕೃತದ ವರ್ಣಮಾಲೆಯಲ್ಲಿ ಇಲ್ಲದ ಈ ಹ್ರಸ್ವ ಎ, ಹ್ರಸ್ವ ಒ ಲ್ಯಾಟಿನ್ನಿಗೆ ಅತ್ಯಗತ್ಯ. ಒಸ್ ಎಂದರೆ ಮೂಳೆ, ಓಸ್ ಎಂದರೆ ಬಾಯಿ. ಮಲುಮ್ ಎಂದರೆ ಕೇಡು, ಮಾಲುಮ್ ಎಂದರೆ ಸೇಬು. ಪೊಪುಲುಸ್ ಎಂದರೆ ಜನತೆ, ಅದು ಪುಲ್ಲಿಂಗ. ಪೋಪುಲುಸ್ ಎಂದರೆ ಪಾಪ್ಲರ್ ಮರ, ಅದು ಸ್ತ್ರೀಲಿಂಗ. ರೋಮ್‌ನ ಜನತೆಗೂ ಒಂದು ಮರಕ್ಕೂ ನಡುವೆ ಇರುವ ಅಂತರ ಒಂದು ದೀರ್ಘದ ಉದ್ದ. ಹೀಗೆ ಬರೆದಿಟ್ಟುಕೊಂಡಾಗ ಎರಡು ಸಾವಿರ ವರ್ಷದ ಹಿಂದಿನ ಉಚ್ಚಾರಣೆ ನಮ್ಮ ಲಿಪಿಯ ಮೇಲೆ ತಾನಾಗಿ ಬಂದು ಕೂರುತ್ತದೆ. ಇದನ್ನು ಕಂಡುಕೊಂಡಾಗ ಆದ ಸಂತೋಷವನ್ನು ನಾನು ಇನ್ನೂ ಖರ್ಚು ಮಾಡಿ ಮುಗಿಸಿಲ್ಲ.

ಬಾಲವಿದ್ದರೆ ಏನು ಲಾಭ? ಲಾಭ ಅಂತಲ್ಲ, ಬಿಡುಗಡೆ. ಯಾರು ಯಾರಿಗೆ ಏನಾಗಬೇಕು ಎಂಬುದನ್ನು ಬಾಲವೇ ಹೇಳುವುದರಿಂದ ಪದ ತಾನು ಬೇಕೆಂದ ಕಡೆ ಹೋಗಿ ನಿಲ್ಲಬಹುದು. ರಾಮನು ರಾವಣನನ್ನು ಕೊಂದನು ಎನ್ನಿ, ರಾವಣನನ್ನು ಕೊಂದನು ರಾಮನು ಎನ್ನಿ, ಸತ್ತವನು ರಾವಣನೇ. ಇಷ್ಟು ಸ್ವಾತಂತ್ರ್ಯ ನಮಗೂ ಇದೆ. ಲ್ಯಾಟಿನ್ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತದೆ. ಅಲ್ಲಿ ವಿಶೇಷಣಕ್ಕೂ ಬಾಲವುಂಟು. ನಮ್ಮಲ್ಲಿ 'ದೊಡ್ಡ ಮರದಿಂದ' ಎಂದಾಗ 'ದೊಡ್ಡ' ಬೋಳಾಗಿಯೇ ಇರುತ್ತದೆ. ಹಾಗಾಗಿ ಅದು ಮರದ ಮಗ್ಗುಲು ಬಿಟ್ಟು ಕದಲುವಂತಿಲ್ಲ. ಲ್ಯಾಟಿನ್ನಿನಲ್ಲಿ ದೊಡ್ಡತನವೂ ಮರದ ಲಿಂಗ, ವಚನ, ವಿಭಕ್ತಿಗಳನ್ನು ತೊಟ್ಟುಕೊಂಡಿರುತ್ತದೆ. ಎಷ್ಟು ದೂರ ಹೋಗಿ ನಿಂತರೂ ಇದು ಆ ಮರದ್ದು ಎಂದು ಗುರುತು ಸಿಗುತ್ತದೆ.

ಈ ಸ್ವಾತಂತ್ರ್ಯವನ್ನು ರೋಮ್‌ನ ಕವಿ ಹೊರೇಸ್ ಬಳಸಿಕೊಂಡ ಬಗೆಯನ್ನು ನೆನೆದಾಗಲೆಲ್ಲ ನನಗೆ ಸುಮ್ಮನೆ ಕೂತಿರಲಾಗುವುದಿಲ್ಲ. ಕ್ರಿ.ಪೂ. 23ರಲ್ಲಿ ಹೊರಬಂದ ಅವನ ಓಡ್ ಎಂಬ ಭಾವಗೀತೆಗಳ ಮೊದಲ ಪುಸ್ತಕದಲ್ಲಿ ಪಿರ್ರಾ ಎಂಬ ಹೊಂಗೂದಲಿನ ಹೆಣ್ಣನ್ನು ಕುರಿತ ಕವಿತೆಯಿದೆ. ಅದರ ಮೊದಲ ಸಾಲಿನಲ್ಲಿ ಇರುವುದು ಏಳೇ ಪದ. ಸೊಂಪಾದ ಗುಲಾಬಿಗಳ ನಡುವೆ ನಿನ್ನನ್ನು ತಬ್ಬಿರುವ ಆ ಸಪೂರ ಹುಡುಗ ಯಾರು ಎಂಬುದು ಪ್ರಶ್ನೆ. 'ಯಾರು' ಎಂಬುದು ಮೊದಲ ಪದ. ಎರಡನೆಯದು 'ಬಹಳ'; ಅದು ಹೇಳುವುದು ಗುಲಾಬಿಯನ್ನು ಕುರಿತು, ಆದರೆ ಗುಲಾಬಿ ಬರುವುದು ಏಳನೆಯ ಪದವಾಗಿ, ಸಾಲಿನ ತುತ್ತತುದಿಯಲ್ಲಿ. ಮೂರನೆಯದು 'ಸಪೂರ', ಐದನೆಯದು 'ಹುಡುಗ'. ಇಬ್ಬರ ನಡುವೆ, ಏಳರ ನಟ್ಟನಡುವೆ, ನಾಲ್ಕನೆಯ ಪದವಾಗಿ 'ನಿನ್ನನ್ನು'. ಅಂದರೆ ಹುಡುಗ ತನ್ನ ಎರಡು ಪದಗಳನ್ನು ಎರಡು ತೋಳಾಗಿಸಿ ಅವಳನ್ನು ಬಳಸಿದ್ದಾನೆ, ಅವರಿಬ್ಬರನ್ನೂ ಗುಲಾಬಿಯ ಎರಡು ಪದಗಳು ಸುತ್ತುವರಿದಿವೆ. 'ಬಹಳ'ದ ತುದಿಯ ದೀರ್ಘ ಆ, ಗುಲಾಬಿಯ ತುದಿಯ ದೀರ್ಘ ಆ, ಇವೆರಡೂ ಅಷ್ಟು ದೂರದಿಂದ ಒಂದನ್ನೊಂದು ಗುರುತು ಹಿಡಿಯದಿದ್ದರೆ ಈ ಚಿತ್ರ ನಿಲ್ಲುತ್ತಿರಲಿಲ್ಲ. ಇದನ್ನು ಕನ್ನಡಕ್ಕೆ ತಂದಾಗ ಅರ್ಥ ಬರುತ್ತದೆ, ಅಪ್ಪುಗೆ ಬರುವುದಿಲ್ಲ. ಅಪ್ಪಿಕೊಂಡದ್ದು ಬಾಲಗಳು.

ಐದು ನಾಮವಂಶ ಎಂದೆನಲ್ಲ. ಮೊದಲ ವಂಶದವರು ಅಕಾರದವರು, ಬಹುತೇಕ ಹೆಂಗಸರು. ಆದರೂ ರೈತ, ನಾವಿಕ, ಕವಿ ಎಂಬ ಮೂವರು ಗಂಡಸರು ಅಗ್ರಿಕೊಲ, ನೌತ, ಪೊಏತ ಎಂದು ಅದೇ ಉಡುಪಿನಲ್ಲಿ ಓಡಾಡುತ್ತಾರೆ. ಎರಡನೆಯದು ಉಸ್ ಮತ್ತು ಉಮ್‌ನವರದು. ನನ್ನ ಪ್ರೀತಿಯೆಲ್ಲ ಮೂರನೆಯದರ ಮೇಲೆ. ಅಲ್ಲಿನ ಪದಗಳು ಪ್ರಥಮೆಯಲ್ಲಿ ಪೂರ್ತಿ ಮುಖ ತೋರಿಸುವುದಿಲ್ಲ. ಪಯಣಕ್ಕೆ ಇತೆರ್, ಅದು ಷಷ್ಠಿಗೆ ಬಂದಾಗ ಇತಿನೆರಿಸ್ ಎಂದು ಉದ್ದವಾಗಿ ಚಾಚಿಕೊಳ್ಳುತ್ತದೆ. ರಾತ್ರಿಗೆ ನೊಕ್ಸ್, ರಾತ್ರಿಯ ಎನ್ನಲು ನೊಕ್ತಿಸ್. ಕೊರ್ ಎಂದರೆ ಹೃದಯ, ಅದರೊಳಗೆ ಅಡಗಿದ್ದ ದಕಾರ ಕೊರ್ದಿಸ್ ಎಂದಾಗ ಹೊರಬರುತ್ತದೆ. ಆದ್ದರಿಂದ ಲ್ಯಾಟಿನ್ ನಿಘಂಟುಗಳು ಪ್ರತಿ ನಾಮಪದದ ಪಕ್ಕದಲ್ಲಿ ಅದರ ಷಷ್ಠೀ ರೂಪವನ್ನೂ ಕೊಡುತ್ತವೆ. ಪದದ ನಿಜವಾದ ಮೈ ಗೊತ್ತಾಗುವುದು ಅಲ್ಲಿ. ನಮ್ಮಲ್ಲೂ ಇಂಥ ಸಂಕೋಚದ ಪದಗಳುಂಟು. 'ನಾನು' ಎಂಬ ಪದ ಬಾಲ ಬಂದೊಡನೆ 'ನನ್ನ' ಎಂದು ಕುಗ್ಗುತ್ತದೆ, 'ಮರ' ಎಲ್ಲಿಂದಲೋ ಒಂದು ದಕಾರ ತಂದು 'ಮರದ' ಎನ್ನುತ್ತದೆ. ನಾಲ್ಕನೆಯ ವಂಶ ಉಕಾರದ್ದು. ಕೈ ಎಂಬ ಅರ್ಥದ ಮನುಸ್ ಅಲ್ಲಿದೆ, ಉಡುಪು ಗಂಡಸಿನದಾದರೂ ಲಿಂಗ ಸ್ತ್ರೀ. ಐದನೆಯದು ತೀರ ಪುಟ್ಟ ಸಂಸಾರ. ದಿನ, ವಸ್ತು, ಭರವಸೆ, ನಂಬಿಕೆ ಮುಂತಾದ ಕೆಲವರೇ. ಅದರಲ್ಲೂ ಬಹುವಚನ ಪೂರ್ತಿಯಾಗಿ ಉಳ್ಳವು ದಿನ ಮತ್ತು ವಸ್ತು ಎರಡೇ.

ರೋಮ್‌ನ ಮಕ್ಕಳು ಇದನ್ನು ಕಲಿತದ್ದು ಹೇಗೆ? 4ನೇ ಶತಮಾನದಲ್ಲಿ ಡೊನಾಟಸ್ ಎಂಬ ಮೇಷ್ಟರು ಒಂದು ಪುಟ್ಟ ವ್ಯಾಕರಣ ಬರೆದರು. ಬೈಬಲನ್ನು ಲ್ಯಾಟಿನ್ನಿಗೆ ತಂದ ಸಂತ ಜೆರೋಮ್ ಅವರ ಶಿಷ್ಯ. ಪುಸ್ತಕ ಪೂರ್ತಿ ಪ್ರಶ್ನೋತ್ತರ. ನಾಮಪದದ ಮಾದರಿಯಾಗಿ ಅವರು ಐದು ಪದ ಆರಿಸಿಕೊಂಡರು. ಪುಲ್ಲಿಂಗಕ್ಕೆ ಮಗಿಸ್ತೆರ್, ಮೇಷ್ಟರು. ಸ್ತ್ರೀಲಿಂಗಕ್ಕೆ ಮೂಸ, ಕಾವ್ಯದೇವತೆ. ನಪುಂಸಕಕ್ಕೆ ಸ್ಕಮ್ನುಮ್, ಬೆಂಚು. ಗಂಡಿಗೂ ಹೆಣ್ಣಿಗೂ ಸಲ್ಲುವ ಪದಕ್ಕೆ ಸಕೆರ್ದೋಸ್, ಅರ್ಚಕ ಅಥವಾ ಅರ್ಚಕಿ. ಮೂರು ಲಿಂಗಕ್ಕೂ ಒಪ್ಪುವುದಕ್ಕೆ ಫೇಲೀಕ್ಸ್, ಸುಖಿ. ಮೇಷ್ಟರಿದ್ದಾರೆ, ಬೆಂಚಿದೆ, ಸರಸ್ವತಿಯಂಥವಳು ಒಬ್ಬಳಿದ್ದಾಳೆ, ಕೊನೆಗೆ ಸುಖವೂ ಇದೆ. ತರಗತಿಯೇ ಎದುರು ನಿಂತಂತಾಗುತ್ತದೆ. ಈ ಪುಸ್ತಕ ಸಾವಿರ ವರ್ಷ ಕಳೆದರೂ ಮಕ್ಕಳ ಕೈ ಬಿಡಲಿಲ್ಲ. ಗುಟೆನ್‌ಬರ್ಗ್ ಮೈನ್ಝ್‌ನಲ್ಲಿ ಅಚ್ಚಿನ ಮೊಳೆ ಜೋಡಿಸಿದಾಗ ಬೈಬಲ್ ಜೊತೆಗೆ ಇದನ್ನೂ ಮತ್ತೆ ಮತ್ತೆ ಮುದ್ರಿಸಿದ.

ವಿಭಕ್ತಿ, ವಚನ ಎಂದರೆ ಮೇಷ್ಟರುಗಳ ಗೊಡವೆ ಎಂದುಕೊಳ್ಳಬೇಡಿ. ಜೂಲಿಯಸ್ ಸೀಸರ್ ಗಾಲ್ ದೇಶದ ಯುದ್ಧದ ನಡುವೆ, ಆಲ್ಪ್ಸ್ ಪರ್ವತ ದಾಟುತ್ತಾ, ಪದರೂಪಗಳ ಕ್ರಮವನ್ನು ಕುರಿತು ಒಂದು ಗ್ರಂಥ ರಚಿಸಿದ. ಹೆಸರು 'ಡಿ ಅನಾಲೊಜಿಯಾ', ಅರ್ಪಣೆ ವಾಗ್ಮಿ ಸಿಸೆರೋಗೆ. ಹಿಮದ ದಾರಿಯಲ್ಲಿ ಸೈನ್ಯದತ್ತ ಹೋಗುತ್ತಿರುವ ದಂಡನಾಯಕನೊಬ್ಬ ನಾಮಪದದ ಅಂತ್ಯ ಹೇಗಿರಬೇಕು ಎಂದು ಯೋಚಿಸುತ್ತಿದ್ದ ಎಂಬುದೇ ನನಗೆ ಅವನ ಗೆಲುವುಗಳಿಗಿಂತ ಹೆಚ್ಚು ಹಿಡಿಸಿದ ಸಂಗತಿ. ಗ್ರಂಥ ಕಳೆದುಹೋಗಿದೆ, ತುಣುಕುಗಳು ಉಳಿದಿವೆ. ಒಂದು ತುಣುಕು ಉಳಿದ ಕಥೆ ಸೊಗಸಾಗಿದೆ. 2ನೇ ಶತಮಾನದಲ್ಲಿ ಔಲಸ್ ಗೆಲಿಯಸ್ ಎಂಬ ಹುಡುಗ, ಪಾಠಗಳ ಬಿಡುವಿನಲ್ಲಿ, ಮುಂದೆ ಚಕ್ರವರ್ತಿಯಾದ ಮಾರ್ಕಸ್ ಅರೇಲಿಯಸನ ಗುರು ಫ್ರಾಂಟೋನ ಮನೆಗೆ ಹೋಗುತ್ತಿದ್ದ. ಒಂದು ದಿನ ಅಲ್ಲಿದ್ದ ಕವಿಯೊಬ್ಬ, ಬಿಸಿ ಮರಳುಗಳ ಚಿಕಿತ್ಸೆಯಿಂದ ತನ್ನ ಜಲೋದರ ವಾಸಿಯಾಯಿತು ಎಂದ. ಫ್ರಾಂಟೋ ನಗುತ್ತಾ, ರೋಗ ವಾಸಿಯಾದರೂ ಮಾತಿನ ದೋಷ ವಾಸಿಯಾಗಿಲ್ಲ ಎಂದ. ಮರಳು ಎಂಬ ಅರ್ಥದ ಹರೇನ ಪದಕ್ಕೆ ಬಹುವಚನ ಇಲ್ಲವೆಂದು ಸೀಸರ್ ಬರೆದಿದ್ದಾನೆ. ಆಕಾಶ, ಗೋಧಿ ಕೂಡ ಹಾಗೆಯೇ. ತದ್ವಿರುದ್ಧವಾಗಿ ನಾಲ್ಕು ಕುದುರೆಯ ರಥಕ್ಕೆ ಏಕವಚನವೇ ಇಲ್ಲ. ಪುಸ್ತಕವನ್ನೇ ತರಿಸಿ ತೋರಿಸಿದರು. ಆಮೇಲೆ ಮನೆಗೆ ಹೊರಟವರಿಗೆ ಫ್ರಾಂಟೋ ಹೇಳಿದ, ಹಳೆಯ ತಲೆಮಾರಿನ ಯಾರಾದರೂ ಮೇಲ್ದರ್ಜೆಯ ಬರಹಗಾರ 'ಮರಳುಗಳು' ಎಂದಿದ್ದಾನೋ, ಏಕವಚನದ ರಥ ಹೂಡಿದ್ದಾನೋ ಬಿಡುವಾದಾಗ ಹುಡುಕಿ ನೋಡಿ ಎಂದು.

ಮೇಲ್ದರ್ಜೆಯ ಎನ್ನಲು ಅವನು ಬಳಸಿದ ಪದ 'ಕ್ಲಸ್ಸಿಕುಸ್'. ಆಸ್ತಿತೆರಿಗೆಯ ಲೆಕ್ಕದಲ್ಲಿ ಮೊದಲ ವರ್ಗದವರಿಗೆ ಹೇಳುತ್ತಿದ್ದ ಮಾತನ್ನು ಲೇಖಕರಿಗೆ ಹಚ್ಚಿದ ಉದಾಹರಣೆ ನಮಗೆ ಮೊದಲು ಸಿಗುವುದು ಇಲ್ಲೇ. ಈಗ ನಾವು ಪಂಪನನ್ನೂ ಕುಮಾರವ್ಯಾಸನನ್ನೂ ಕ್ಲಾಸಿಕ್ ಎಂದು ಕೊಂಡಾಡುವ ಮಾತು ಹುಟ್ಟಿದ್ದು ಮರಳಿಗೆ ಬಹುವಚನ ಉಂಟೋ ಇಲ್ಲವೋ ಎಂಬ ಚರ್ಚೆಯಲ್ಲಿ. ಕನ್ನಡದಲ್ಲೂ ಹೇಳಿ ನೋಡಿ, ಮರಳುಗಳು, ಗೋಧಿಗಳು. ನಾಲಗೆ ಹಿಂದೆ ಸರಿಯುತ್ತದೆ. ಸೀಸರ್ ನಮ್ಮ ಶರಾವತಿ ದಂಡೆಗೆ ಬಂದಿದ್ದರೂ ಇದೇ ಮಾತು ಹೇಳುತ್ತಿದ್ದ.

ಗೆಲಿಯಸನೇ ಉಳಿಸಿಕೊಟ್ಟ ಇನ್ನೊಂದು ಕಥೆ ದಂಡನಾಯಕ ಪಾಂಪೆಯದು. ಅವನು ಮೂರನೇ ಸಲ ಕಾನ್ಸಲ್, ಅಂದರೆ ರೋಮ್‌ನ ಅತ್ಯುನ್ನತ ಅಧಿಕಾರಿ, ಆದದ್ದು ಕ್ರಿ.ಪೂ. 52ರಲ್ಲಿ. ತಾನು ಕಟ್ಟಿಸಿದ ವಿಜಯದೇವತೆಯ ಗುಡಿಯ ಮೇಲೆ 'ಮೂರನೇ ಬಾರಿ' ಎಂದು ಕೆತ್ತಿಸಬೇಕಿತ್ತು. ತೆರ್ತಿಉಮ್ ಎಂದು ದ್ವಿತೀಯ ವಿಭಕ್ತಿಯ ಬಾಲ ಹಚ್ಚಬೇಕೋ, ತೆರ್ತಿಓ ಎಂದು ಅಬ್ಲೇಟಿವ್ ಬಾಲವೋ? ರೋಮ್‌ನ ಪಂಡಿತರು ಎರಡು ಪಕ್ಷವಾದರು. ಪಾಂಪೆ ಸಿಸೆರೋನನ್ನು ಕೇಳಿದ. ಸಿಸೆರೋ ಯಾವ ಪಂಡಿತನ ಮನಸ್ಸನ್ನೂ ನೋಯಿಸದ ಹಾದಿ ಹಿಡಿದ. ಮೊದಲ ನಾಲ್ಕು ಅಕ್ಷರ ಮಾತ್ರ ಕೆತ್ತಿಸಿ, ತೆರ್ತ್ ಎಂದು ನಿಲ್ಲಿಸಿ ಎಂದ. ಬಾಲ ಓದುಗರಿಗೆ ಬಿಟ್ಟದ್ದು. ಎಷ್ಟೋ ವರ್ಷದ ಮೇಲೆ ಆ ಗೋಡೆ ಕುಸಿದು ಮತ್ತೆ ಕಟ್ಟಿದಾಗ ಮೂರು ಗೀಟು ಎಳೆದು ಮುಗಿಸಿದರಂತೆ. ರೋಮ್‌ಗೆ ಹೋದವರು ಪ್ಯಾಂಥಿಯನ್ ನೋಡದೆ ಬರುವುದಿಲ್ಲ. ಅದರ ಹಣೆಯ ಮೇಲೆ, ಮೂರನೇ ಬಾರಿ ಕಾನ್ಸಲ್ ಆದ ಅಗ್ರಿಪ್ಪ ಇದನ್ನು ಕಟ್ಟಿಸಿದ ಎಂದು ದಪ್ಪಕ್ಷರದಲ್ಲಿದೆ. ಅಲ್ಲಿ ತೆರ್ತಿಉಮ್ ಎಂದು ಏಳಕ್ಷರವೂ ಇಡಿಯಾಗಿವೆ. ಹೋದರೆ ತಲೆಯೆತ್ತಿ ಆ 'ಉಮ್' ನೋಡಿ ಬನ್ನಿ.

ಚತುರ್ಥಿಯ ವಿಷಯಕ್ಕೆ ಬಂದಾಗ ನನಗೆ ಲ್ಯಾಟಿನ್ ನೆಂಟರ ಮನೆಯ ಮಾತು ಅನಿಸುತ್ತದೆ. ನನಗೊಬ್ಬ ಅಕ್ಕ ಇದ್ದಾಳೆ ಎನ್ನಲು ಇಂಗ್ಲಿಷಿನವರು ಅಕ್ಕನನ್ನು ತಾವು ಹೊಂದಿರುವಂತೆ ಹೇಳುತ್ತಾರೆ. ನಾವು ಹೊಂದುವುದಿಲ್ಲ. ಅಕ್ಕ ತನ್ನ ಪಾಡಿಗೆ ತಾನು ಇದ್ದಾಳೆ, ನಮಗೆ ಇದ್ದಾಳೆ. ರೋಮನ್ನನೂ ಹೀಗೆಯೇ ಹೇಳಬಲ್ಲ, ಮಿಹಿ ಸೊರೊರ್ ಎಸ್ತ್. ಮಿಹಿ ಎಂದರೆ ನನಗೆ. ಹಿಡಿಸುವುದೂ ಅಷ್ಟೇ, ಮಿಹಿ ಪ್ಲಕೆತ್, ನನಗೆ ಹಿಡಿಸುತ್ತದೆ. ಇಷ್ಟವಾದ ವಸ್ತುವೇ ಕರ್ತೃ, ನಾವು ಅದರ ಎದುರು ಚತುರ್ಥಿಯಲ್ಲಿ ಕೈಚಾಚಿ ನಿಂತವರು. ಈ ಚತುರ್ಥಿಯ ಬಹುವಚನಕ್ಕೆ ಮೂರನೇ ವಂಶದಲ್ಲಿ 'ಇಬುಸ್' ಎಂಬ ಬಾಲ. ಎಲ್ಲರಿಗೂ ಎಂದರೆ ಒಮ್ನಿಬುಸ್. ಫ್ರಾನ್ಸಿನ ನಾಂಟ್ ಊರಿನಲ್ಲಿ 1826ರಲ್ಲಿ ಸ್ಟಾನಿಸ್ಲಾಸ್ ಬೋದ್ರಿ ಎಂಬಾತ ಎಲ್ಲರೂ ಹತ್ತಬಹುದಾದ ಕುದುರೆಗಾಡಿ ಓಡಿಸಿದ, ಅದಕ್ಕೆ ಆಮ್ನಿಬಸ್ ಎಂಬ ಹೆಸರು ಬಂತು. ಬರಬರುತ್ತಾ ಮೈ ಕಳಚಿ ಬಿದ್ದು ಬಾಲ ಮಾತ್ರ ಓಡತೊಡಗಿತು. ಅದೇ ಬಸ್ಸು. ನಾವು ಅದಕ್ಕೆ ನಮ್ಮ ಬಾಲವನ್ನೂ ಸೇರಿಸಿ 'ಬಸ್ಸಿಗೆ ಹೊತ್ತಾಯಿತು' ಎನ್ನುತ್ತೇವೆ. ರೋಮ್‌ನ ಚತುರ್ಥಿಯ ಬೆನ್ನಿಗೆ ಕನ್ನಡದ ಚತುರ್ಥಿ. ಎರಡು ಬಾಲ ಸೇರಿ ಒಂದು ಪದ, ನಡುವೆ ದೇಹವೇ ಇಲ್ಲ.

ಸಂಬೋಧನೆಯಲ್ಲಿ ಲ್ಯಾಟಿನ್ ಸ್ವಲ್ಪ ಬಿಗಿ. ಉಸ್ ಎಂದು ಮುಗಿಯುವ ಎರಡನೇ ವಂಶದ ಏಕವಚನಕ್ಕೆ ಮಾತ್ರ ಕರೆಯುವ ಬಾಲ ಬೇರೆಯಿದೆ. ಬ್ರೂತುಸ್ ಎಂಬವನು ಬ್ರೂತೆ ಆಗುತ್ತಾನೆ. ಉಳಿದವರನ್ನು ಪ್ರಥಮೆಯಲ್ಲೇ ಕರೆಯಬೇಕು. ಬಾಲಕ ವಿನ್ಸ್ಟನ್ ಚರ್ಚಿಲ್ ಶಾಲೆಯಲ್ಲಿ ಮೆನ್ಸ, ಅಂದರೆ ಮೇಜು ಎಂಬ ಪದದ ರೂಪಗಳನ್ನು ಬಾಯಿಪಾಠ ಮಾಡುತ್ತಾ 'ಎಲೈ ಮೇಜೇ' ಎಂಬಲ್ಲಿ ತಡೆದು ನಿಂತನಂತೆ. ಮೇಜನ್ನು ಮಾತಾಡಿಸುವಾಗ ಹಾಗೆನ್ನಬೇಕು ಎಂದರು ಮೇಷ್ಟರು. ನಾನು ಮೇಜನ್ನು ಮಾತಾಡಿಸುವುದೇ ಇಲ್ಲವಲ್ಲ ಎಂದ ಹುಡುಗ. ನಮ್ಮ ಹಳ್ಳಿಯ ಹೆಂಗಸರು ಅಲ್ಲಿದ್ದರೆ ಅವನಿಗೆ ಸಮಾಧಾನ ಹೇಳುತ್ತಿದ್ದರು. ಬೀಸುವ ಕಲ್ಲನ್ನು ತಾಯಿ ಎಂದು ಕರೆದು, ಬೆಳಗಿನ ಜಾವದ ಕತ್ತಲಲ್ಲಿ ಅದರೊಡನೆ ಸುಖದುಃಖ ಹಾಡಿಕೊಂಡವರು ಅವರು. ನಮ್ಮ ವಚನಕಾರರ ಅಂಕಿತಗಳನ್ನೇ ನೋಡಿ, ಕೂಡಲಸಂಗಮದೇವಾ, ಚೆನ್ನಮಲ್ಲಿಕಾರ್ಜುನಾ. ಕನ್ನಡದಲ್ಲಿ ದೇವರು ಹೆಚ್ಚಾಗಿ ಬಾಳುವುದು ಸಂಬೋಧನೆಯಲ್ಲಿ. ಲ್ಯಾಟಿನ್ನಿನಲ್ಲಿ ದೇವರು ಎಂಬ ಅರ್ಥದ ದೆಉಸ್ ಪದದ ಏಕವಚನ ಸಂಬೋಧನೆ ಕ್ಲಾಸಿಕ್ ಲೇಖಕರಲ್ಲಿ ಎಲ್ಲೂ ಸಿಗುವುದಿಲ್ಲ. ಆದರೆ ಅವರ ದೇವರಾಜನ ಹೆಸರನ್ನು ಸ್ವಲ್ಪ ಕೆರೆದು ನೋಡಿದರೆ ಒಳಗೆ ಒಂದು ಕೂಗು ಇದೆ. ಯುಪ್ಪಿತೆರ್ ಎಂಬ ಪ್ರಥಮಾ ರೂಪ ಮೂಲದಲ್ಲಿ ಸಂಬೋಧನೆ, 'ಬಾನೇ, ತಂದೆಯೇ' ಎಂಬ ಕರೆ. ವೇದದ ದ್ಯೌಷ್ಪಿತೃವಿನ ದಾಯಾದಿ ಅವನು. ಕರೆದು ಕರೆದು ಕರೆಯೇ ಹೆಸರಾಯಿತು. ಷಷ್ಠಿಗೆ ಬಂದಾಗ ಅವನು ಯೊವಿಸ್ ಎಂದು ಹಳೆಯ ಮೈಗೆ ಮರಳುತ್ತಾನೆ.

ಏಳನೆಯದು ಅರ್ಧ ಬದುಕಿದೆ ಎಂದಿದ್ದೆ. ಅದೇ ಸಪ್ತಮಿ, 'ಅಲ್ಲಿ' ಎಂಬುದು. ಲ್ಯಾಟಿನ್ ಬೆಳೆಯುವಷ್ಟರಲ್ಲಿ ಹಳೆಯ ತೃತೀಯೆ, ಪಂಚಮಿ, ಸಪ್ತಮಿಗಳು ಅಬ್ಲೇಟಿವ್ ಎಂಬ ಒಂದೇ ಸೂರಿನಡಿ ಬಂದುಬಿಟ್ಟವು. ನಮಗೂ ಇದು ಗೊತ್ತು. 'ಕೈಯಿಂದ ಬರೆ', 'ಊರಿಂದ ಬಾ' ಎರಡಕ್ಕೂ ಇಂದ ಒಂದೇ, ಪಂಚಮಿಯ ದೆಸೆಯಿಂದ ಎಂಬುದು ಪಾಠಪುಸ್ತಕ ಬಿಟ್ಟು ಹೊರಗೆ ಹೆಚ್ಚು ಓಡಾಡಿದ್ದಿಲ್ಲ. ಹೀಗೆ ಕರಗಿಹೋದ ಲ್ಯಾಟಿನ್ ಸಪ್ತಮಿ ಕೆಲವೇ ಕಡೆ ಹಟ ಹಿಡಿದು ಉಳಿಯಿತು. ಊರುಗಳ ಹೆಸರಿನಲ್ಲಿ ಉಳಿಯಿತು, ರೋಮೈ ಎಂದರೆ ರೋಮ್‌ನಲ್ಲಿ. ಸಣ್ಣ ದ್ವೀಪಗಳಲ್ಲಿ ಉಳಿಯಿತು. ಸಿಸಿಲಿಯಂಥ ದೊಡ್ಡ ದ್ವೀಪಕ್ಕೆ ಮಾತ್ರ 'ಇನ್' ಎಂಬ ಉಪಪದದ ಆಸರೆ ಬೇಕು. ಮತ್ತೆ ದೊಮೀ, ಮನೆಯಲ್ಲಿ. ರೂರೀ, ಹಳ್ಳಿಯಲ್ಲಿ. ಹುಮೀ, ನೆಲದಲ್ಲಿ. ದಿನಕ್ಕೆ ನೂರು ಸಲ ಬಾಯಿಗೆ ಬರುವ ಮಾತುಗಳನ್ನು ಯಾವ ವ್ಯಾಕರಣ ಬದಲಾವಣೆಯೂ ಕದಲಿಸಲಾರದೆ ಹೋಯಿತು. ಮನೆ, ಹಳ್ಳಿ, ನೆಲ ಎಂಬ ಈ ಪಟ್ಟಿಯ ಎದುರು ನಾನು ಬಹಳ ಹೊತ್ತು ಕೂತಿದ್ದೇನೆ.

ಆಮೇಲೆ ಬಾಲಗಳು ಸವೆದವು. ಕೊನೆಯ ಮಕಾರವಂತೂ ಕ್ರಿ.ಶ. 79ರಲ್ಲಿ ಬೂದಿಯಡಿ ಸೇರಿದ ಪಾಂಪೇಯಿ ಊರಿನ ಗೋಡೆಬರಹಗಳಲ್ಲೇ ಎಷ್ಟೋ ಕಡೆ ಕಾಣೆಯಾಗಿದೆ. ಹೋಗಲಿ, ಆ ಕಥೆ ಉದ್ದ. ಇಟಾಲಿಯನ್, ಸ್ಪ್ಯಾನಿಶ್, ಫ್ರೆಂಚ್ ನಾಮಪದಗಳು ವಿಭಕ್ತಿ ಕಳೆದುಕೊಂಡು, ಉಪಪದಗಳನ್ನು ಮುಂದಿಟ್ಟುಕೊಂಡು ಶಿಸ್ತಾಗಿ ಸಾಲು ನಿಂತವು. ಅಲ್ಲಿ ಇಲ್ಲಿ ಹಳೆಯ ಗುರುತುಂಟು. ಇಟಾಲಿಯನ್ ಕೈ ಈಗಲೂ 'ಲಾ ಮಾನೊ', ಗಂಡು ಉಡುಪಿನ ಸ್ತ್ರೀಲಿಂಗ.

ಲಿಂಗದ ಮಾತು ಉಳಿದಿತ್ತು. ಕನ್ನಡದಲ್ಲಿ ಅದು ಸಲೀಸು. ಅರ್ಥ ಗೊತ್ತಿದ್ದರೆ ಲಿಂಗ ಗೊತ್ತು. ಮರ ಬಿದ್ದಿತು, ಹಣ್ಣು ಬಿದ್ದಿತು, ಮಗು ಬಿದ್ದಿತು. ಸಂಸ್ಕೃತದಲ್ಲಿ ಹೆಂಡತಿ ಎಂಬ ಒಂದೇ ಅರ್ಥಕ್ಕೆ ಭಾರ್ಯಾ ಸ್ತ್ರೀಲಿಂಗ, ದಾರಾಃ ಪುಲ್ಲಿಂಗ ಬಹುವಚನ, ಕಲತ್ರ ನಪುಂಸಕ. ಲ್ಯಾಟಿನ್ ಆ ಕಡೆಯದು, ಆದರೂ ಅದಕ್ಕೊಂದು ಲೋಕದೃಷ್ಟಿಯಿದೆ. ನದಿಗಳು, ಗಾಳಿಗಳು ಸಾಮಾನ್ಯವಾಗಿ ಗಂಡು. ನಮ್ಮ ಕಾವೇರಿ, ತುಂಗೆಯರು ಕೇಳಿದರೆ ಆಶ್ಚರ್ಯಪಡುತ್ತಾರೆ. ಮರಗಳು ಹೆಣ್ಣು, ಉಸ್ ಎಂದು ಮುಗಿದರೂ ಹೆಣ್ಣು. ಅವುಗಳ ಹಣ್ಣು ನಪುಂಸಕ. ಪಿರುಸ್ ಎಂದರೆ ಪೇರ್ ಮರ, ಸ್ತ್ರೀ; ಪಿರುಮ್ ಅದರ ಹಣ್ಣು, ನಪುಂಸಕ. ಈ ನಪುಂಸಕಗಳಿಗೆ ಪ್ರಥಮೆಗೂ ದ್ವಿತೀಯೆಗೂ ಒಂದೇ ರೂಪ. ಹಣ್ಣು ಯಾರನ್ನೂ ತಿನ್ನುವುದಿಲ್ಲ, ತಿನ್ನಿಸಿಕೊಳ್ಳುತ್ತದೆ. ಹಾಗಿರುವಾಗ ಕರ್ಮ ಎಂದು ಬೇರೆ ಗುರುತು ಯಾಕೆ? ಯಾವ ರಕ್ತಸಂಬಂಧವೂ ಇಲ್ಲದ ಕನ್ನಡ ಇದನ್ನು ತಾನಾಗಿಯೇ ಕಂಡುಕೊಂಡಿದೆ. ಹಣ್ಣು ತಿಂದೆ, ನೀರು ಕುಡಿದೆ ಎನ್ನುತ್ತೇವೆ, ಅನ್ನು ಎಂಬ ಬಾಲ ಬೇಡ. ರಾಮನ ವಿಷಯದಲ್ಲಿ ಹಾಗಾಗದು, ರಾಮನನ್ನು ಕರೆದೆ ಎನ್ನಲೇಬೇಕು.

ಮರಗಳ ಹೆಣ್ತನ ನಮ್ಮ ಅಂಗಳಕ್ಕೂ ಬಂದಿದೆ. ಸ್ವೀಡನ್ನಿನ ಲಿನೇಯಸ್ 1753ರಲ್ಲಿ ಗಿಡಮರಗಳಿಗೆ ಎರಡೆರಡು ಪದದ ಹೆಸರಿಟ್ಟಾಗ ಅಂಜೂರದ ಹಳೆಯ ಹೆಸರು ಫೈಕಸ್ ತನ್ನ ಸ್ತ್ರೀಲಿಂಗವನ್ನು ಬಿಡಲಿಲ್ಲ. ಹಾಗಾಗಿ ಅರಳಿ ಫೈಕಸ್ ರಿಲಿಜಿಯೋಸಾ, ಅತ್ತಿ ಫೈಕಸ್ ರಾಸೆಮೋಸಾ. ಹುಣಸೆಯೂ ಉಸ್ ಎಂದು ಮುಗಿದು ಹೆಣ್ಣಾಗಿಯೇ ಉಳಿದವಳು, ಟ್ಯಾಮರಿಂಡಸ್ ಇಂಡಿಕಾ. ನಮ್ಮ ಊರಕಟ್ಟೆಗಳಲ್ಲಿ ಅರಳಿಗೂ ಬೇವಿಗೂ ಮದುವೆ ಮಾಡುತ್ತೇವೆ, ಅರಳಿ ವರ, ಬೇವು ವಧು. ಲ್ಯಾಟಿನ್ ಪ್ರಕಾರ ಫೈಕಸ್ ರಿಲಿಜಿಯೋಸಾ, ಅಜಾಡಿರಾಕ್ಟಾ ಇಂಡಿಕಾ ಇಬ್ಬರೂ ಹೆಣ್ಣು. ಕಟ್ಟೆಯ ಮೇಲೆ ಗೆಳತಿಯರಿಬ್ಬರು ಕೂತಂತೆ ನನಗೆ ಅವು ಕಾಣತೊಡಗಿವೆ, ಮದುವೆಯ ಅರಿಸಿನ ಕುಂಕುಮವೂ ಇರಲಿ. ಶ್ರೀಗಂಧ ನಪುಂಸಕ, ಸ್ಯಾಂಟಲಮ್ ಆಲ್ಬಮ್. ಕರಿಮೆಣಸೂ ನಪುಂಸಕ, ಪೈಪರ್ ನೈಗ್ರಮ್. ಇದು ಲಿನೇಯಸ್ ಹೊಸದಾಗಿ ಕೊಟ್ಟದ್ದಲ್ಲ. ನಮ್ಮ ಪಿಪ್ಪಲಿ ಗ್ರೀಕರ ಮೂಲಕ ಪಿಪೆರ್ ಆಗಿ ರೋಮ್ ಮುಟ್ಟಿದಾಗಲೇ ನಪುಂಸಕವಾಗಿತ್ತು. ಕ್ರಿ.ಶ. 77ರ ಸುಮಾರಿಗೆ ರೋಮ್‌ನ ಲೇಖಕ ಪ್ಲಿನಿ ಅದರ ದರ ಬರೆದಿಟ್ಟಿದ್ದಾನೆ, ಒಂದು ಪೌಂಡು ಬಿಳಿಯದು 7 ದಿನಾರಿಯಸ್, ಕರಿಯದು 4. ಬಿಳಿಗೆ ಆಲ್ಬಮ್, ಕರಿಗೆ ನೈಗ್ರಮ್, ಅವೇ ಉಮ್ ಬಾಲಗಳು.

ಈ ಬಾಲಗಳು ಇನ್ನೂ ಜೀವಂತ. ತಾಮ್ರದ ತಗಡು ಕುಟ್ಟಿದಂತೆ ಮಧ್ಯಾಹ್ನವಿಡೀ ಕೂಗುವ ಚಿಟ್ಟುಕುಟುರ ಹಕ್ಕಿಯ ಶಾಸ್ತ್ರೀಯ ಹೆಸರು ಮೊದಲು ಮೆಗಲೈಮಾ ಹೀಮಸೆಫಾಲಾ ಎಂದಿತ್ತು. ಕುಲ ಬದಲಿಸಿ ಸೈಲೊಪೋಗನ್ ಎಂಬ ಪುಲ್ಲಿಂಗದ ಮನೆಗೆ ಸೇರಿಸಿದಾಗ ಅದು ಹೀಮಸೆಫಾಲಸ್ ಆಯಿತು. ಹಕ್ಕಿ ಕುಟ್ಟುವುದನ್ನು ನಿಲ್ಲಿಸಲಿಲ್ಲ, ಬಾಲ ಮಾತ್ರ ತಿರುಗಿತು. ಉತ್ತರ ಕನ್ನಡದ ತೊರೆಗಳಲ್ಲಿ ಗಂಡು ಮೊಟ್ಟೆಗೆ ಕೆಸರು ಮೆತ್ತಿ ಕಾಯುವ ಕಪ್ಪೆಗೆ 2014ರಲ್ಲಿ ನಿಕ್ಟಿಬ್ಯಾಟ್ರಾಕಸ್ ಕುಂಬಾರ ಎಂದು ಹೆಸರಿಟ್ಟರು. ಕುಂಬಾರ ಅಲ್ಲಿ ನಮ್ಮ ಕುಂಬಾರನೇ. ನಾಮಪದವಾಗಿ ಪಕ್ಕದಲ್ಲಿ ನಿಂತವನಿಗೆ ಲಿಂಗದ ಬಾಲ ಬದಲಿಸಬೇಕಾಗಿಲ್ಲ ಎಂಬ ನಿಯಮದಂತೆ ಅವನು ಇದ್ದಂತೆಯೇ ಇದ್ದಾನೆ.

ಸಸ್ಯಗಳಿಗೆ 1935ರಿಂದ 2011ರ ಕೊನೆಯವರೆಗೆ ಹೆಸರಷ್ಟೇ ಅಲ್ಲ, ಹೊಸ ಪ್ರಭೇದದ ವಿವರಣೆಯೂ ಲ್ಯಾಟಿನ್ನಿನಲ್ಲಿ ಇರಲೇಬೇಕಿತ್ತು. ಆ ಕಾಲದಲ್ಲಿಯೇ, 2000ದಲ್ಲಿ, ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ಜೌಗುಕಾಡಿನಿಂದ ಗೇರುಮರದ ನೆಂಟನೊಬ್ಬ ಹೊಸ ಹೆಸರು ಪಡೆದ, ಸೆಮೆಕಾರ್ಪಸ್ ಕತ್ತಲೆಕಾನೆನ್ಸಿಸ್. 'ಇಂಥ ಊರಿನ' ಎನ್ನುವ ಎನ್ಸಿಸ್ ಮೂರನೇ ವಂಶದ ವಿಶೇಷಣ. ಗಂಡಿಗೂ ಹೆಣ್ಣಿಗೂ ಅದೇ ರೂಪ. ಅಂದರೆ ಡೊನಾಟಸ್ ಮೇಷ್ಟರ ಬೆಂಚಿನ ಮೇಲೆ ನಮ್ಮ ಕಾನಿನ ಕತ್ತಲೆಯನ್ನು ಕೂರಿಸಿ ಎಲ್ಲ ವಿಭಕ್ತಿಗಳಲ್ಲೂ ಹೇಳಿಸಬಹುದು. ನಾನು ಹೇಳಿಸಿಯೂ ಇದ್ದೇನೆ. ಕತ್ತಲೆಕಾನೆನ್ಸಿಸ್, ಕತ್ತಲೆಕಾನೆನ್ಸೆಮ್, ಕತ್ತಲೆಕಾನೆನ್ಸೀ. ಬಹುವಚನಕ್ಕೆ ಕತ್ತಲೆಕಾನೆನ್ಸೇಸ್, ಷಷ್ಠಿಗೆ ಕತ್ತಲೆಕಾನೆನ್ಸಿಉಮ್. ಚತುರ್ಥಿಯಲ್ಲಿ, ಕತ್ತಲೆಕಾನಿನವರೆಲ್ಲರಿಗೆ ಎಂಬಲ್ಲಿ, ಕತ್ತಲೆಕಾನೆನ್ಸಿಬುಸ್. ಆ ಕಾಡಿನ ಅಂಚಿನಲ್ಲಿ ಹೊನ್ನಾವರದ ರಸ್ತೆಯಲ್ಲಿ ಕಾದು ನಿಂತವರು ಯಾರಾದರೂ ಇದನ್ನು ಕೇಳಿಸಿಕೊಂಡರೆ, ಯಾವ ಬಸ್ಸು, ಎಷ್ಟು ಹೊತ್ತಿಗೆ ಎಂದು ವಿಚಾರಿಸದೆ ಇರುವುದಿಲ್ಲ.